ಮಾರ್ಕ್ ಹ್ಯಾಮಿಲ್ ಮತ್ತು ದನಿಯ ಕೆಲಸ: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಬೆಂಗಳೂರಿನಲ್ಲಿ ದನಿ ಕೊಡುವ ಕೆಲಸ ಮಾಡುತ್ತೇನೆ. ಜಾಹೀರಾತು, ಆಡಿಯೋ ಪುಸ್ತಕ, ಮಕ್ಕಳ ಪಾಠ, ಒಮ್ಮೊಮ್ಮೆ ಕಾರ್ಟೂನ್. ಯಾರ ಕೆಲಸ ಕೇಳಿ ಕಲಿತಿರಿ ಎಂದು ಯಾರಾದರೂ ಕೇಳಿದರೆ ಮಾರ್ಕ್ ಹ್ಯಾಮಿಲ್ ಹೆಸರು ಹೇಳುತ್ತೇನೆ. ಅಲ್ಲಿಂದ ಪ್ರಶ್ನೆಗಳು ಶುರು. ಅವೇ ಪ್ರಶ್ನೆಗಳು ಸುತ್ತಿ ಸುತ್ತಿ ಬರುತ್ತವೆ. ಹಾಗಾಗಿ ಕೇಳಿದವರ ಮಾತಲ್ಲೇ ಅವನ್ನು ಇಲ್ಲಿ ಇಟ್ಟು, ಒಂದೊಂದಕ್ಕೂ ಸಮಾಧಾನವಾಗಿ ಉತ್ತರ ಬರೆದಿದ್ದೇನೆ. ಏನೂ ಗೊತ್ತಿಲ್ಲದವರು ಮೇಲಿನಿಂದ ಓದಿ. ಈ ಕೆಲಸದಲ್ಲೇ ಇರುವವರು ನೇರವಾಗಿ ಮೂರನೇ ಭಾಗಕ್ಕೆ ಹೋದರೂ ಆಯಿತು.

## ಮೊದಲಿಗೆ

ಯಾರು ಈ ಮಾರ್ಕ್ ಹ್ಯಾಮಿಲ್? ನಾನು ಹೆಸರೇ ಕೇಳಿಲ್ಲ.

ಹೆಸರು ಗೊತ್ತಿಲ್ಲದಿದ್ದರೂ ಮುಖ ಗೊತ್ತಿರಬಹುದು. 1977ರಲ್ಲಿ ಬಂದ ಮೊದಲ ‘ಸ್ಟಾರ್ ವಾರ್ಸ್’ ಸಿನಿಮಾದಲ್ಲಿ ನಾಯಕ ಲ್ಯೂಕ್ ಸ್ಕೈವಾಕರ್ ಆಗಿದ್ದವರು ಇವರೇ. ಹುಟ್ಟಿದ್ದು 1951ರ ಸೆಪ್ಟೆಂಬರ್ 25ರಂದು, ಕ್ಯಾಲಿಫೋರ್ನಿಯಾದ ಓಕ್‌ಲ್ಯಾಂಡಿನಲ್ಲಿ. ಅಪ್ಪ ಅಮೆರಿಕದ ನೌಕಾಪಡೆಯಲ್ಲಿದ್ದರು. ವರ್ಗಾವಣೆ ಆದಲ್ಲೆಲ್ಲ ಸಂಸಾರವೂ ಗಂಟುಮೂಟೆ ಕಟ್ಟಬೇಕು. ಹೀಗೆ ಊರೂರು ಸುತ್ತಿ, ಹೈಸ್ಕೂಲ್ ಮುಗಿಸಿದ್ದು ಜಪಾನಿನ ಯೊಕೊಸುಕಾದಲ್ಲಿ. ಆಮೇಲೆ ಲಾಸ್ ಏಂಜಲೀಸ್ ಸಿಟಿ ಕಾಲೇಜಿನಲ್ಲಿ ನಾಟಕ ಕಲಿತು, ಟಿವಿ ಧಾರಾವಾಹಿಗಳಲ್ಲಿ ಪಾತ್ರ ಮಾಡಿಕೊಂಡಿದ್ದಾಗ ಲ್ಯೂಕ್ ಪಾತ್ರ ಒಲಿದು ಬಂತು.

ಇದು ಅರ್ಧ ಕಥೆ. ಇನ್ನರ್ಧದಲ್ಲಿ ಮುಖ ಕಾಣುವುದೇ ಇಲ್ಲ. 1992ರಿಂದ ಇವರು ಬ್ಯಾಟ್‌ಮ್ಯಾನ್ ಕಾರ್ಟೂನಿನ ಖಳ ಜೋಕರ್‌ಗೆ ದನಿ. ಆ ಕಾರ್ಟೂನ್ ನೋಡಿ ಬೆಳೆದ ಎಷ್ಟೋ ಮಕ್ಕಳಿಗೆ ಜೋಕರ್ ಮತ್ತು ಲ್ಯೂಕ್ ಒಬ್ಬರೇ ಅಂತ ದೊಡ್ಡವರಾದ ಮೇಲೆ ಗೊತ್ತಾಯಿತು. ನನಗೂ ಹಾಗೇ ಗೊತ್ತಾದದ್ದು. ಆ ದಿನ ಎರಡನ್ನೂ ಒಂದರ ಹಿಂದೊಂದು ಹಾಕಿ ಕೇಳಿದೆ. ಒಂದೇ ಗಂಟಲು ಅಂತ ನಂಬಲು ಬಹಳ ಹೊತ್ತು ಹಿಡಿಯಿತು.

ಅಷ್ಟು ದೊಡ್ಡ ಸಿನಿಮಾ ಮಾಡಿದವರು ಕಾರ್ಟೂನಿಗೆ ಯಾಕೆ ಹೋದರು? ಸಿನಿಮಾ ಸಿಗಲಿಲ್ಲವಾ?

ಅತಿ ಜಾಸ್ತಿ ಬರುವ ಪ್ರಶ್ನೆ ಇದು. ಕೇಳುವವರ ದನಿಯಲ್ಲಿ ಒಂದು ‘ಅಯ್ಯೋ ಪಾಪ’ ಇರುತ್ತದೆ. ಆ ‘ಪಾಪ’ ಬೇಡ.

ಸಿನಿಮಾ ಸಿಗಲಿಲ್ಲ ಅನ್ನುವುದು ಸ್ವಲ್ಪ ಮಟ್ಟಿಗೆ ನಿಜ. ಮೂರನೇ ಸ್ಟಾರ್ ವಾರ್ಸ್ 1983ರಲ್ಲಿ ಬಂದಾಗ ಅವರಿಗೆ 31 ವರ್ಷ. ಆ ಹೊತ್ತಿಗೆ ಲ್ಯೂಕ್ ಅವರ ಮುಖಕ್ಕೇ ಅಂಟಿಕೊಂಡುಬಿಟ್ಟಿದ್ದ. ಇದಕ್ಕೆ ಒಳ್ಳೆಯ ಉದಾಹರಣೆ ‘ಅಮೇಡಿಯಸ್’. ಆ ನಾಟಕದಲ್ಲಿ ಹ್ಯಾಮಿಲ್ ಬ್ರಾಡ್‌ವೇ ರಂಗದ ಮೇಲೆ ಸಂಗೀತಗಾರ ಮೊತ್ಸಾರ್ಟ್ ಆಗಿದ್ದರು. ಅದೇ ನಾಟಕ ಸಿನಿಮಾ ಆದಾಗ ನಿರ್ದೇಶಕ ಮಿಲೋಸ್ ಫೋರ್ಮನ್ ಅವರನ್ನು ತೆಗೆದುಕೊಳ್ಳಲಿಲ್ಲ. ಸ್ಕೈವಾಕರ್ ಮುಖವನ್ನು ಜನ ಮೊತ್ಸಾರ್ಟ್ ಅಂತ ಒಪ್ಪುವುದಿಲ್ಲ ಎಂಬುದೇ ಕಾರಣ ಎಂದು ಹ್ಯಾಮಿಲ್ ಅವರೇ ಹೇಳಿಕೊಂಡಿದ್ದಾರೆ. ಪಾತ್ರ ಟಾಮ್ ಹಲ್ಸ್‌ಗೆ ಹೋಯಿತು.

ಆದರೆ ಆ ವರ್ಷಗಳಲ್ಲಿ ಹ್ಯಾಮಿಲ್ ಕೈಕಟ್ಟಿ ಕೂತಿರಲಿಲ್ಲ. ರಂಗಭೂಮಿಗೆ ಹೋದರು. 1981ರಲ್ಲಿ ‘ದಿ ಎಲಿಫೆಂಟ್ ಮ್ಯಾನ್’ ನಾಟಕದ ಜಾನ್ ಮೆರಿಕ್ ಆದರು. ಮೈಯೆಲ್ಲ ವಿಕಾರವಾಗಿ ಬೆಳೆದ ಮನುಷ್ಯನ ಪಾತ್ರ ಅದು. ಆದರೆ ಆ ನಾಟಕದ ಸಂಪ್ರದಾಯದಲ್ಲಿ ನಟ ಮೇಕಪ್ ಹಾಕುವ ಹಾಗಿಲ್ಲ. ಮೈ ಸೊಟ್ಟ ಮಾಡಿ, ಮಾತು ತೊಡಕಿಸಿ, ಅಷ್ಟರಲ್ಲೇ ಆ ವಿಕಾರ ಜನರ ಕಣ್ಣಿಗೆ ಕಟ್ಟಬೇಕು. ಇಲ್ಲದ ಮುಖವನ್ನು ದನಿಯಿಂದ ಕಾಣಿಸುವ ಕೆಲಸ. ಹತ್ತು ವರ್ಷ ಆದ ಮೇಲೆ ಮೈಕ್ ಮುಂದೆ ಮಾಡಿದ್ದೂ ಅದನ್ನೇ ಅಂತ ನನಗೆ ಅನಿಸುತ್ತದೆ.

ಕಾರು ಅಪಘಾತದಲ್ಲಿ ಮುಖ ಹಾಳಾಯ್ತು, ಅದಕ್ಕೇ ದನಿಯ ಕೆಲಸಕ್ಕೆ ಹೋದರು ಅಂತಾರೆ. ನಿಜಾನಾ?

ಅಪಘಾತ ಆಗಿದ್ದು ನಿಜ. 1977ರ ಜನವರಿಯಲ್ಲಿ, ಮೊದಲ ಸಿನಿಮಾ ತೆರೆಗೆ ಬರುವ ನಾಲ್ಕು ತಿಂಗಳ ಮುಂಚೆ. ಮೂಗು ಮತ್ತು ಕೆನ್ನೆಯ ಮೂಳೆ ಮುರಿದಿತ್ತು. ‘ಅದಕ್ಕೇ’ ಅನ್ನುವುದು ಮಾತ್ರ ಸುಳ್ಳು. ಅದಾದ ಮೇಲೆ ಇನ್ನೆರಡು ಸ್ಟಾರ್ ವಾರ್ಸ್, ಯುದ್ಧದ ಕಥೆಯ ‘ದಿ ಬಿಗ್ ರೆಡ್ ಒನ್’, ಬ್ರಾಡ್‌ವೇ ನಾಟಕಗಳು, ಟಿವಿ, ಎಲ್ಲ ಮಾಡಿದ್ದಾರೆ. ಜೋಕರ್ ಬಂದದ್ದು ಅಪಘಾತ ಆಗಿ 15 ವರ್ಷದ ಮೇಲೆ.

ಸ್ಟಾರ್ ವಾರ್ಸ್ ಮುಗಿದ ಮೇಲೆ ತಾನೇ ದನಿ ಕೊಡೋಕೆ ಶುರು ಮಾಡಿದ್ದು?

ಇಲ್ಲ, ಅದಕ್ಕೂ ಮುಂಚೆ. 1973ರಲ್ಲಿ ಹ್ಯಾನಾ-ಬಾರ್ಬೆರಾ ಕಂಪನಿಯ ‘ಜೀನಿ’ ಎಂಬ ಕಾರ್ಟೂನಿನಲ್ಲಿ ಕೋರಿ ಎಂಬ ಹುಡುಗನಿಗೆ ದನಿ ಕೊಟ್ಟಿದ್ದರು. ಆಗ ಅವರಿಗೆ ಇಪ್ಪತ್ತೊಂದೋ ಇಪ್ಪತ್ತೆರಡೋ. ಆಮೇಲೆ 1981ರಲ್ಲಿ ಅಮೆರಿಕದ ಎನ್‌ಪಿಆರ್ ರೇಡಿಯೋ ಮೊದಲ ಸ್ಟಾರ್ ವಾರ್ಸನ್ನು 13 ಕಂತಿನ ರೇಡಿಯೋ ನಾಟಕ ಮಾಡಿತು. ಅದರಲ್ಲೂ ಲ್ಯೂಕ್ ಇವರೇ. ಎರಡನೇ ಸಿನಿಮಾದ ರೇಡಿಯೋ ನಾಟಕ 1983ರಲ್ಲಿ ಬಂತು, ಅದರಲ್ಲೂ ಇದ್ದರು. ಈ ರೇಡಿಯೋ ನಾಟಕವನ್ನು ನೆನಪಿಟ್ಟುಕೊಳ್ಳಿ. ಕೊನೆಯ ಭಾಗದಲ್ಲಿ ಅದು ಮತ್ತೆ ಬರುತ್ತದೆ.

ದನಿಯ ಪಾಠ ಸ್ಟಾರ್ ವಾರ್ಸ್ ಸೆಟ್‌ನಲ್ಲೇ ಆಗಿತ್ತು ಅಂತ ಹೇಳ್ತಿರ್ತೀರಿ. ಅದು ಹೇಗೆ?

ಅವರ ಎದುರು ನಿಂತ ಪಾತ್ರಗಳನ್ನು ನೋಡಿ. ಖಳ ಡಾರ್ತ್ ವೇಡರ್‌ನ ಕಪ್ಪು ಉಡುಪಿನೊಳಗೆ ಇದ್ದವರು ಡೇವಿಡ್ ಪ್ರೌಸ್. ದನಿ ಜೇಮ್ಸ್ ಅರ್ಲ್ ಜೋನ್ಸ್ ಅವರದು, ಅದನ್ನು ಆಮೇಲೆ ಸ್ಟುಡಿಯೋದಲ್ಲಿ ಸೇರಿಸಿದ್ದು. ಲ್ಯೂಕ್‌ನ ಗುರು ಯೋಡಾ ಅಂದರೆ ಒಂದು ಗೊಂಬೆ. ಫ್ರಾಂಕ್ ಆಝ್ ನೆಲದ ಕೆಳಗಿನಿಂದ ಕೈಯಾಡಿಸುತ್ತ, ಅಲ್ಲಿಂದಲೇ ಮಾತಾಡುತ್ತಿದ್ದರು. ಹ್ಯಾಮಿಲ್‌ಗೆ ಅದು ಕೇಳಲಿ ಅಂತ ಕಿವಿಗೆ ಒಂದು ಸಣ್ಣ ಇಯರ್‌ಪೀಸ್ ಕೊಟ್ಟಿದ್ದರು.

ಎರಡನೇ ಸಿನಿಮಾದ ಆ ಪ್ರಸಿದ್ಧ ದೃಶ್ಯ, ವೇಡರನೇ ತನ್ನ ಅಪ್ಪ ಅಂತ ಲ್ಯೂಕ್‌ಗೆ ಗೊತ್ತಾಗುವುದು, ಅದರ ಶೂಟಿಂಗ್ ಕಥೆ ಇನ್ನೂ ಚೆನ್ನಾಗಿದೆ. ಗುಟ್ಟು ಹೊರಗೆ ಹೋಗಬಾರದು ಅಂತ ಪ್ರೌಸ್ ಕೈಗೆ ಬೇರೆಯೇ ಮಾತು ಕೊಟ್ಟಿದ್ದರು. ಹ್ಯಾಮಿಲ್‌ಗೆ ನಿಜ ಗೊತ್ತಿತ್ತು, ಅದನ್ನು ನಿರ್ದೇಶಕ ಇರ್ವಿನ್ ಕರ್ಷ್ನರ್ ಶೂಟಿಂಗ್‌ಗೆ ಸ್ವಲ್ಪ ಮುಂಚೆ ಹೇಳಿದ್ದರು. ಅಂದರೆ ಕಿವಿಗೆ ಬೀಳುತ್ತಿದ್ದದ್ದು ಒಂದು ಮಾತು, ಮುಖದಲ್ಲಿ ತೋರಿಸಬೇಕಾಗಿದ್ದು ಇನ್ನೊಂದು ಮಾತಿಗೆ ಹುಟ್ಟಿದ ದುಃಖ. ಆ ಇನ್ನೊಂದು ಮಾತನ್ನು ಆಡುವ ದನಿ ಆ ಕೋಣೆಯಲ್ಲೇ ಇರಲಿಲ್ಲ. ದನಿ ಬೇರೆ, ಮೈ ಬೇರೆ ಆಗಬಹುದು, ಆದರೂ ಒಂದೇ ಪಾತ್ರ ಅಂತ ಜನ ನಂಬುತ್ತಾರೆ ಎಂಬುದನ್ನು ಅವರಷ್ಟು ಹತ್ತಿರದಿಂದ ಕಂಡವರು ಕಡಿಮೆ.

## ಜೋಕರ್

ಜೋಕರ್ ಪಾತ್ರ ಸಿಕ್ಕಿದ್ದು ಹೇಗೆ?

ಕೇಳಿ ಪಡೆದದ್ದು. ಹ್ಯಾಮಿಲ್‌ಗೆ ಚಿಕ್ಕಂದಿನಿಂದ ಕಾಮಿಕ್ಸ್ ಹುಚ್ಚು. ‘ಬ್ಯಾಟ್‌ಮ್ಯಾನ್: ದಿ ಆ್ಯನಿಮೇಟೆಡ್ ಸೀರೀಸ್’ ತಯಾರಾಗುತ್ತಿದೆ ಎಂದು ಗೊತ್ತಾದಾಗ ತಾವೇ ಆಸಕ್ತಿ ತೋರಿಸಿದರು. ಮೊದಲು ಒಂದೇ ಕಂತಿನ ಪಾತ್ರ ಕೊಟ್ಟರು. ಫೆರಿಸ್ ಬಾಯ್ಲ್ ಎಂಬ ಕಲ್ಲುಮನಸ್ಸಿನ ಕಂಪನಿ ಮಾಲೀಕ. ಅಷ್ಟಕ್ಕೇ ಬಿಡಲಿಲ್ಲ, ಖಾಯಂ ಖಳನ ಪಾತ್ರ ಬೇಕು ಅಂತ ಕೇಳಿದರು.

ಜೋಕರ್‌ಗೆ ಮೊದಲು ಆರಿಸಿದ್ದು ಟಿಮ್ ಕರ್ರಿ ಅವರನ್ನು. ಸ್ವಲ್ಪ ರೆಕಾರ್ಡಿಂಗ್ ಕೂಡ ಆಗಿತ್ತು. ಅದು ನಿಂತುಹೋಗಿ ಮತ್ತೆ ಹುಡುಕಾಟ ಶುರುವಾದಾಗ ಹ್ಯಾಮಿಲ್‌ಗೆ ಕರೆ ಬಂತು. ಆಡಿಷನ್ ಹಾಳೆಯಲ್ಲಿ ಒಂದು ಎಚ್ಚರಿಕೆ ಇತ್ತಂತೆ: ಜ್ಯಾಕ್ ನಿಕಲ್ಸನ್ ಥರ ಮಾಡಬೇಡಿ ಅಂತ. 1989ರ ಬ್ಯಾಟ್‌ಮ್ಯಾನ್ ಸಿನಿಮಾದಲ್ಲಿ ನಿಕಲ್ಸನ್ ಮಾಡಿದ ಜೋಕರ್ ಎಲ್ಲರ ತಲೆಯಲ್ಲಿ ಹೊಸದಾಗಿ ಕೂತಿದ್ದ ಕಾಲ ಅದು.

ಇಲ್ಲಿ ನನಗೆ ಬಹಳ ಇಷ್ಟದ ಸಂಗತಿ ಒಂದಿದೆ. ಲ್ಯೂಕ್ ಸ್ಕೈವಾಕರ್‌ನನ್ನು ಯಾರು ತಾನೇ ಜೋಕರ್ ಮಾಡ್ತಾರೆ, ಹೇಗೂ ಸಿಗಲ್ಲ ಅಂದುಕೊಂಡು ಹ್ಯಾಮಿಲ್ ಆ ಆಡಿಷನ್‌ನಲ್ಲಿ ಹೆದರಿಕೆಯೇ ಇಲ್ಲದೆ ಮನಸಾರೆ ಕುಣಿದುಬಿಟ್ಟರು. ಪಾತ್ರ ಸಿಕ್ಕಿದೆ ಅಂತ ಗೊತ್ತಾದ ಮೇಲೆ ಹೆದರಿಕೆ ಶುರುವಾಯಿತಂತೆ. ಸರಣಿ 1992ರ ಸೆಪ್ಟೆಂಬರ್‌ನಲ್ಲಿ ಟಿವಿಗೆ ಬಂತು. ಮರುವರ್ಷ ಅದೇ ತಂಡ ‘ಮಾಸ್ಕ್ ಆಫ್ ದಿ ಫ್ಯಾಂಟಸಮ್’ ಎಂಬ ಸಿನಿಮಾವನ್ನೂ ಮಾಡಿತು.

ಎಲ್ಲರೂ ಅವರ ಜೋಕರ್ ನಗು, ಜೋಕರ್ ನಗು ಅಂತಾರೆ. ನಗೋದ್ರಲ್ಲಿ ಅಂಥದ್ದೇನಿದೆ?

ನಗುವುದು ಕಷ್ಟ. ಅಳುವುದಕ್ಕಿಂತ ಕಷ್ಟ. ಇದನ್ನು ಮೈಕ್ ಮುಂದೆ ನಿಂತ ಯಾರನ್ನು ಬೇಕಾದರೂ ಕೇಳಿ. ಸ್ಕ್ರಿಪ್ಟ್‌ನಲ್ಲಿ ‘ನಗುತ್ತಾನೆ’ ಅಂತ ಒಂದೇ ಪದ ಇರುತ್ತದೆ. ನಗು ಬರುವಂಥದ್ದು ಎದುರಿಗೆ ಏನೂ ಇರುವುದಿಲ್ಲ. ಗಾಜಿನ ಆಚೆ ಇಬ್ಬರು ಹೆಡ್‌ಫೋನ್ ಹಾಕಿಕೊಂಡು ಕಾಯುತ್ತಿರುತ್ತಾರೆ.

ಹ್ಯಾಮಿಲ್ ಹೇಳುವ ಪ್ರಕಾರ ಜೋಕರ್‌ಗೆ ಒಂದೇ ನಗು ಇರಬಾರದು. ಚಿತ್ರಗಾರನ ಹಲಗೆಯಲ್ಲಿ ಬಣ್ಣಗಳಿರುವ ಹಾಗೆ ನಗುಗಳಿರಬೇಕು, ಆ ಹೊತ್ತಿನ ಮನಸ್ಸಿಗೆ ತಕ್ಕ ನಗು ಹೊರಬರಬೇಕು. ಕೇಳುವಾಗ ಇದು ಸ್ಪಷ್ಟವಾಗಿ ಗೊತ್ತಾಗುತ್ತದೆ. ಒಂದು ನಗು ಇದೆ, ಬಾಯಿ ಮುಚ್ಚಿಕೊಂಡೇ ಮೂಗಿನಲ್ಲಿ ಹುಟ್ಟುತ್ತದೆ, ಯಾರಿಗೋ ಗುಟ್ಟು ಹೇಳುವ ಹಾಗೆ. ಇನ್ನೊಂದು ಇದೆ, ಮಾತಿನ ಮಧ್ಯೆ ಸೋರಿಹೋಗುತ್ತದೆ, ವಾಕ್ಯ ಮುಗಿಯುವ ಮೊದಲೇ ಕೊನೆಯ ಎರಡು ಪದಗಳನ್ನು ನುಂಗಿ ಮೇಲಕ್ಕೆ ಹತ್ತುತ್ತದೆ, ಹತ್ತಿ ಹತ್ತಿ ಕೀರಲಾಗಿ, ಇನ್ನು ಉಸಿರೇ ಇಲ್ಲ ಅನ್ನುವಾಗ ತಟ್ಟನೆ ನಿಂತು, ಮುಂದಿನ ಮಾತು ತಣ್ಣಗೆ, ಕೆಳದನಿಯಲ್ಲಿ ಬರುತ್ತದೆ. ಭಯ ಆಗುವುದು ಆ ತಣ್ಣಗಿನ ಮಾತು ಕೇಳಿದಾಗ. ನಗು ಅದಕ್ಕೆ ದಾರಿ ಮಾಡಿಕೊಟ್ಟಿತಷ್ಟೆ.

ಮೊತ್ಸಾರ್ಟ್ ಪಾತ್ರಕ್ಕೂ ಒಂದು ವಿಚಿತ್ರ ಕಿಸಕ್ಕನೆ ನಗು ಇತ್ತು ಎಂಬುದನ್ನು ಮರೆಯಬೇಡಿ. ರಂಗದ ಮೇಲೆ ರಾತ್ರಿ ರಾತ್ರಿ ನಕ್ಕವರು. ಸಿನಿಮಾ ಬೇಡ ಅಂದ ಪಾತ್ರದಲ್ಲಿ ಆದ ಅಭ್ಯಾಸ ಎಲ್ಲಿಗೆ ಬಂದು ಉಪಯೋಗಕ್ಕೆ ಬಿತ್ತು ನೋಡಿ.

ಬ್ಯಾಟ್‌ಮ್ಯಾನ್ ದನಿ ಕೊಟ್ಟವರು ತೀರಿಹೋದ ಮೇಲೆ ಜೋಕರ್ ಮಾಡಲ್ಲ ಅಂದರಂತೆ?

ಹೌದು. ಬ್ಯಾಟ್‌ಮ್ಯಾನ್ ದನಿ ಕೆವಿನ್ ಕಾನ್ರಾಯ್ ಅವರದು. 2022ರ ನವೆಂಬರ್‌ನಲ್ಲಿ ತೀರಿಕೊಂಡರು. ಹೊಸ ಕೆಲಸಕ್ಕೆ ಕರೆ ಬಂದಾಗೆಲ್ಲ ಹ್ಯಾಮಿಲ್ ಕೇಳುತ್ತಿದ್ದದ್ದು ಒಂದೇ, ಕೆವಿನ್ ಇದ್ದಾರಾ ಅಂತ. ಇದ್ದಾರೆ ಅಂದರೆ ಸ್ಕ್ರಿಪ್ಟ್ ಓದದೆಯೂ ಒಪ್ಪುತ್ತಿದ್ದರಂತೆ. ಅವರಿಲ್ಲದ ಮೇಲೆ ಆ ಪಾತ್ರ ಮುಂದುವರಿಸುವ ಮನಸ್ಸಿಲ್ಲ ಎಂದು ಹೇಳಿದರು. 2024ರಲ್ಲೂ ಆ ದನಿ ಒಂದೆರಡು ಕಡೆ ಕೇಳಿಸಿತು. ಅದರಲ್ಲಿ ಕಾನ್ರಾಯ್ ತಮ್ಮ ಬ್ಯಾಟ್‌ಮ್ಯಾನ್ ದನಿಯನ್ನು ಮೊದಲೇ ರೆಕಾರ್ಡ್ ಮಾಡಿಟ್ಟಿದ್ದ ಒಂದು ‘ಜಸ್ಟಿಸ್ ಲೀಗ್’ ಕಾರ್ಟೂನ್ ಸಿನಿಮಾ ಸೇರಿದೆ.

ಇಬ್ಬರ ಹೊಂದಾಣಿಕೆಗೆ ಒಂದು ಕಾರಣ ಇದೆ. ಆ ಸರಣಿಯ ದನಿ ನಿರ್ದೇಶಕಿ ಆಂಡ್ರಿಯಾ ರೊಮಾನೊ ಸಾಧ್ಯವಾದಷ್ಟೂ ನಟರನ್ನೆಲ್ಲ ಒಂದೇ ಕೋಣೆಗೆ ಕರೆಸಿ ಒಟ್ಟಿಗೆ ರೆಕಾರ್ಡ್ ಮಾಡುತ್ತಿದ್ದರು. ಆಕಾಶವಾಣಿ ನಾಟಕಗಳನ್ನು ಮಾಡಿದ ಹಿರಿಯರು ನಮ್ಮಲ್ಲಿ ಇನ್ನೂ ಇದ್ದಾರೆ, ಅವರಿಗೆ ಈ ಪದ್ಧತಿ ಹೊಸದಲ್ಲ. ಒಬ್ಬರ ಮಾತಿನ ಬಾಲಕ್ಕೆ ಇನ್ನೊಬ್ಬರ ಉಸಿರು ತಗಲಬೇಕು. ಈಗ ಹೆಚ್ಚಿನ ಕಡೆ ಒಬ್ಬೊಬ್ಬರನ್ನೇ ಬೇರೆ ಬೇರೆ ದಿನ ಕರೆಸಿ ಆಮೇಲೆ ಹೊಲಿಯುತ್ತಾರೆ. ಹೊಲಿಗೆ ಕಿವಿಗೆ ಗೊತ್ತಾಗುತ್ತದೆ.

ಜೋಕರ್ ಬಿಟ್ಟರೆ ಬೇರೆ ಯಾವುದು ಕೇಳಬೇಕು?

‘ಅವತಾರ್: ದಿ ಲಾಸ್ಟ್ ಏರ್‌ಬೆಂಡರ್’ ಕಾರ್ಟೂನಿನ ಅಗ್ನಿರಾಜ ಓಝಾಯ್‌ನಿಂದ ಶುರು ಮಾಡಿ. ಮೊದಲ ಎರಡು ಸೀಸನ್‌ಗಳಲ್ಲಿ ಓಝಾಯ್ ಮುಖವನ್ನು ಸರಿಯಾಗಿ ತೋರಿಸುವುದೇ ಇಲ್ಲ. ಬೆಂಕಿಯ ಹಿಂದೆ ಒಂದು ನೆರಳು, ಅದರೊಳಗಿಂದ ಬರುವ ದನಿ, ಅಷ್ಟೇ. ಮಗನ ಮುಖ ಸುಟ್ಟ ಅಪ್ಪ ಎಷ್ಟು ಕ್ರೂರಿ ಎಂಬುದು ಆ ದನಿ ಒಂದರಿಂದಲೇ ನಮಗೆ ತಿಳಿಯಬೇಕು. ಕೂಗಾಟವೇ ಇಲ್ಲ. ಜೋಕರ್‌ಗೆ ಪೂರ್ತಿ ವಿರುದ್ಧ.

ಆಮೇಲೆ ‘ರೆಗ್ಯುಲರ್ ಶೋ’ದ ಸ್ಕಿಪ್ಸ್. ಪಾರ್ಕಿನಲ್ಲಿ ಕೆಲಸ ಮಾಡುವ ಬಿಳಿ ಹಿಮಮಾನವ, ಎಲ್ಲ ಕಂಡುಂಡವನ ನಿಧಾನದ ದನಿ. ಜಪಾನಿನ ಗಿಬ್ಲಿ ಸ್ಟುಡಿಯೋದ ಸಿನಿಮಾಗಳ ಇಂಗ್ಲಿಷ್ ಅವತರಣಿಕೆಗಳಲ್ಲೂ ಇದ್ದಾರೆ: ‘ಕ್ಯಾಸಲ್ ಇನ್ ದಿ ಸ್ಕೈ’ಯ ಖಳ ಮುಸ್ಕಾ, 2023ರ ‘ದಿ ಬಾಯ್ ಆ್ಯಂಡ್ ದಿ ಹೆರಾನ್’ನ ಮುದುಕ. 2021ರಲ್ಲಿ ಹೀ-ಮ್ಯಾನ್ ಕಥೆಯ ಖಳ ಸ್ಕೆಲೆಟರ್, 2024ರ ‘ದಿ ವೈಲ್ಡ್ ರೋಬೋಟ್’ನಲ್ಲಿ ಕರಡಿ. ಮನೆಯಲ್ಲಿ ಮಕ್ಕಳಿದ್ದರೆ ಈ ಕರಡಿಯಿಂದಲೇ ಶುರು ಮಾಡಬಹುದು.

## ಕೆಲಸದ ಒಳಗೆ

ಇದೆಲ್ಲಾ ಡಬ್ಬಿಂಗ್ ತಾನೇ? ನಮ್ಮ ಸಿನಿಮಾದಲ್ಲೂ ಮಾಡ್ತಾರಲ್ಲ.

ನಮ್ಮಲ್ಲಿ ಮೈಕ್ ಮುಂದೆ ಮಾಡುವುದಕ್ಕೆಲ್ಲ ಡಬ್ಬಿಂಗ್ ಅಂತ ಒಂದೇ ಹೆಸರು. ಕೆಲಸ ಮಾತ್ರ ಬೇರೆ ಬೇರೆ.

ಡಬ್ಬಿಂಗ್‌ನಲ್ಲಿ ಚಿತ್ರ ಮೊದಲು, ದನಿ ಆಮೇಲೆ. ತುಟಿ ಆಗಲೇ ಆಡಿ ಮುಗಿದಿರುತ್ತದೆ, ಅದಕ್ಕೆ ನಾವು ಮಾತು ಕೂರಿಸಬೇಕು. ಕನ್ನಡ ಸಿನಿಮಾಗಳಲ್ಲಿ ಬಹುಕಾಲದಿಂದ ನಡೆದುಬಂದದ್ದು ಇದೇ. ಶೂಟಿಂಗ್ ಆದ ಮೇಲೆ ನಟರು ಸ್ಟುಡಿಯೋಗೆ ಬಂದು ತಮ್ಮ ಮಾತನ್ನು ತಾವೇ ಮತ್ತೆ ಆಡುತ್ತಾರೆ, ಇಲ್ಲವೇ ಇನ್ನೊಬ್ಬರು ಕಂಠದಾನ ಮಾಡುತ್ತಾರೆ. ಕಂಠದಾನ ಎಷ್ಟು ಒಳ್ಳೆಯ ಪದ ಅಲ್ವಾ? ಆದರೆ ದಾನ ಕೊಟ್ಟವರ ಹೆಸರು ಎಷ್ಟು ಜನರಿಗೆ ಗೊತ್ತು?

ಅಮೆರಿಕದ ಕಾರ್ಟೂನಿನಲ್ಲಿ ಸಾಮಾನ್ಯವಾಗಿ ಇದು ತಿರುಗುಮುರುಗು. ದನಿ ಮೊದಲು ರೆಕಾರ್ಡ್ ಆಗುತ್ತದೆ. ಅದನ್ನು ಕೇಳಿಕೊಂಡು ಚಿತ್ರಗಾರರು ಬಾಯಿ, ಹುಬ್ಬು, ಕೈ ಬರೆಯುತ್ತಾರೆ. ಅಂದರೆ ಜೋಕರ್ ಯಾವಾಗ ತಲೆ ಹಿಂದಕ್ಕೆ ಎಸೆದು ನಗುತ್ತಾನೆ ಎಂಬುದನ್ನು ಹ್ಯಾಮಿಲ್ ಉಸಿರು ನಿರ್ಧರಿಸುತ್ತಿತ್ತು. ಗಿಬ್ಲಿ ಸಿನಿಮಾಗಳಲ್ಲಿ ಅವರು ಮಾಡಿದ್ದು ನಮ್ಮ ಅರ್ಥದ ಡಬ್ಬಿಂಗ್. ಎರಡನ್ನೂ ಒಬ್ಬರೇ ಮಾಡಿದ್ದಾರೆ, ಹೋಲಿಸಿ ಕೇಳಿ.

ಇನ್ನು ಬೇರೆ ಭಾಷೆಯ ಚಿತ್ರಗಳನ್ನು ಕನ್ನಡಕ್ಕೆ ಡಬ್ ಮಾಡುವ ವಿಷಯ. ಅದಕ್ಕೆ ಇಲ್ಲಿ ದಶಕಗಳ ಕಾಲ ತಡೆ ಇತ್ತು. 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗ ಆ ತಡೆ ತಪ್ಪು ಎಂದು ಹೇಳಿದ ಮೇಲೆ ನಿಧಾನವಾಗಿ ಬಾಗಿಲು ತೆರೆಯಿತು. ಪರ ವಿರೋಧ ಎರಡೂ ಕಡೆ ನನ್ನ ಗೆಳೆಯರಿದ್ದಾರೆ. ನನ್ನ ಸಂಕಟ ಇಷ್ಟೇ: ಆ ವರ್ಷಗಳಲ್ಲಿ ದನಿಯಿಂದಲೇ ಹೆಸರು ಮಾಡಬಹುದಾಗಿದ್ದ ಎಷ್ಟೋ ಕನ್ನಡದ ಗಂಟಲುಗಳಿಗೆ ಕೆಲಸವೇ ಸಿಗಲಿಲ್ಲ.

ಮೈಕ್ ಮುಂದೆ ನಿಂತು ಓದೋದು ಅಷ್ಟೇ ಅಲ್ವಾ? ಬಾಯಿಪಾಠನೂ ಬೇಡ, ಮೇಕಪ್ಪೂ ಬೇಡ.

ಓದಿದ ಹಾಗೆ ಕೇಳಿಸಿದರೆ ಕೆಲಸ ಕೆಟ್ಟಿತು ಅಂತಲೇ ಅರ್ಥ. ಹ್ಯಾಮಿಲ್ ರೆಕಾರ್ಡಿಂಗ್ ವಿಡಿಯೋಗಳು ಸಿಗುತ್ತವೆ, ಶಬ್ದ ಆಫ್ ಮಾಡಿ ನೋಡಿ. ಮುಖ ಕಿವುಚಿಕೊಳ್ಳುತ್ತದೆ, ಬೆರಳು ಗಾಳಿಯಲ್ಲಿ ಬಾಗುತ್ತವೆ, ಭುಜ ಏರುತ್ತದೆ. ಇಷ್ಟೆಲ್ಲ ಆದರೂ ಬಾಯಿ ಮಾತ್ರ ಮೈಕ್‌ನಿಂದ ಅದೇ ದೂರದಲ್ಲಿ ಇರುತ್ತದೆ. ಮೈ ಕುಣಿಯಬೇಕು, ಬಾಯಿ ಜಾಗ ಬಿಡಬಾರದು. ಬಟ್ಟೆ ಸರಸರ ಅನ್ನಬಾರದು, ಕಾಗದ ತಿರುವುವ ಸದ್ದು ಬರಬಾರದು. ಹೊಸಬರಿಗೆ ನಾನು ಮೊದಲ ದಿನ ಹೇಳುವುದು ಹತ್ತಿಯ ಬಟ್ಟೆ ಹಾಕಿಕೊಂಡು ಬನ್ನಿ, ಬಳೆ ವಾಚು ಬಿಚ್ಚಿಡಿ, ಖಾಲಿ ಹೊಟ್ಟೆಯಲ್ಲಿ ಬರಬೇಡಿ ಅಂತ. ಹೊಟ್ಟೆ ಗುರ್ ಅಂದರೆ ಮೈಕ್ ಬಿಡುವುದಿಲ್ಲ.

ಗೇಮ್‌ಗೆ ದನಿ ಕೊಡೋದು ಬೇರೆ ಥರಾನಾ?

ಬೇರೆಯೇ. ಕಾರ್ಟೂನಿಗೆ ಶುರು, ಕೊನೆ ಅಂತ ಇದೆ. ಗೇಮಿನಲ್ಲಿ ಆಡುವವನು ಎಡಕ್ಕೆ ಹೋದರೆ ಒಂದು ಮಾತು, ಬಲಕ್ಕೆ ಹೋದರೆ ಇನ್ನೊಂದು, ಸುಮ್ನೆ ನಿಂತರೆ ಮತ್ತೊಂದು. ಎಲ್ಲವನ್ನೂ ಬಿಡಿಬಿಡಿಯಾಗಿ, ಹಿಂದೆಮುಂದೆ ಗೊತ್ತಿಲ್ಲದೆ ಹೇಳಬೇಕು. ಜೊತೆಗೆ ಬೀಳುವುದು, ಏಟು ತಿನ್ನುವುದು, ಉಸಿರುಗಟ್ಟುವುದು, ಈ ಸದ್ದುಗಳದ್ದೇ ಒಂದು ಪಟ್ಟಿ ಇರುತ್ತದೆ.

2009ರ ‘ಆರ್ಕಮ್ ಅಸೈಲಮ್’ ಗೇಮಿನಲ್ಲಿ ಜೋಕರ್ ಹುಚ್ಚಾಸ್ಪತ್ರೆಯ ಧ್ವನಿವರ್ಧಕ ಹಿಡಿದುಕೊಂಡು ನಮ್ಮನ್ನು ರೇಗಿಸುತ್ತಾನೆ. ನಾವು ಕತ್ತಲ ಓಣಿಯಲ್ಲಿ ನಡೆಯುತ್ತಿರುತ್ತೇವೆ, ದನಿ ಗೋಡೆಯಿಂದ ಬರುತ್ತದೆ. ನಾನು ಅದನ್ನು ಆಡಿದ್ದು ಅಕ್ಕನ ಮಗನ ಕಂಪ್ಯೂಟರಿನಲ್ಲಿ, ರಾತ್ರಿ ಎಲ್ಲರೂ ಮಲಗಿದ ಮೇಲೆ. ಸುಮಾರು ಹೊತ್ತು ಆಟವನ್ನೇ ಬಿಟ್ಟು ನಿಂತಲ್ಲೇ ನಿಂತು ಬರೀ ಕೇಳುತ್ತಿದ್ದೆ. 2011ರ ‘ಆರ್ಕಮ್ ಸಿಟಿ’ಯ ಜೋಕರ್‌ಗೆ ಕಾಯಿಲೆ. ಅದೇ ನಗು, ಆದರೆ ಕೊನೆಯಲ್ಲಿ ಕೆಮ್ಮು. ಆ ಕೆಮ್ಮಿನ ಕಡೆ ಕಿವಿ ಕೊಡಿ.

ಅಷ್ಟು ಕಿರುಚಿದರೆ ಗಂಟಲು ಹಾಳಾಗಲ್ವಾ?

ಆಗುತ್ತದೆ. ಕೆಲವು ವರ್ಷದ ಹಿಂದೆ ಒಂದು ಸ್ಟುಡಿಯೋದಲ್ಲಿ ರಾಕ್ಷಸನ ಪಾತ್ರಕ್ಕೆ ನನ್ನನ್ನು ಬೆಳಿಗ್ಗೆಯಿಂದ ಸಂಜೆವರೆಗೆ ಕಿರುಚಿಸಿದರು. ಮೊದಲು ಕಿರುಚಾಟ ಮುಗಿಸಿ ಆಮೇಲೆ ಮಾತು ಅಂದರು, ಅದು ತಪ್ಪು ಕ್ರಮ ಅಂತ ನನಗೆ ಆಗ ಗೊತ್ತಿರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಗಂಟಲಲ್ಲಿ ಮರಳು ಸುರಿದ ಹಾಗಾಯಿತು. ಆಮೇಲೆ ಎರಡು ವಾರ ಪಿಸುಮಾತೂ ಆಡಬಾರದು ಎಂದು ಡಾಕ್ಟರ್ ಹೇಳಿದರು. ಕೈಯಲ್ಲಿದ್ದ ಆಡಿಯೋ ಪುಸ್ತಕ ಬೇರೆಯವರ ಪಾಲಾಯಿತು. ಆ ಸ್ಟುಡಿಯೋದಿಂದ ಒಂದು ಫೋನೂ ಬರಲಿಲ್ಲ.

ಕಿರುಚುವುದು ಯಾವಾಗಲೂ ಕೊನೆಯಲ್ಲಿ. ಇದನ್ನು ಬರೆದಿಟ್ಟುಕೊಳ್ಳಿ. ಅಮೆರಿಕದಲ್ಲಿ ನಟರ ಸಂಘ ಸ್ಯಾಗ್-ಆಫ್ಟ್ರಾ 2016ರಲ್ಲಿ ಗೇಮ್ ಕಂಪನಿಗಳ ವಿರುದ್ಧ ಮುಷ್ಕರ ಹೂಡಿದಾಗ, ಗಂಟಲಿಗೆ ಹೊರೆಯಾಗುವ ರೆಕಾರ್ಡಿಂಗ್ ಎರಡು ಗಂಟೆ ಮೀರಬಾರದು ಎಂಬುದು ಅವರ ಬೇಡಿಕೆಗಳಲ್ಲಿ ಒಂದಾಗಿತ್ತು. ಇಲ್ಲಿ ನಾವು ಕೇಳುವುದಕ್ಕೂ ಹಿಂಜರಿಯುತ್ತೇವೆ. ಕೇಳಿ. ಕೇಳಿದರೆ ಕೊಡುವವರೂ ಇದ್ದಾರೆ.

ಎಷ್ಟು ಮಾಡಿದರೂ ತೆರೆಯ ನಟರಿಗೆ ಸಿಗೋ ಮರ್ಯಾದೆ ದನಿಯವರಿಗೆ ಸಿಗುತ್ತಾ?

‘ಆರ್ಕಮ್ ಸಿಟಿ’ಯ ಜೋಕರ್‌ಗೆ 2012ರಲ್ಲಿ ಹ್ಯಾಮಿಲ್‌ಗೆ ಬ್ರಿಟನ್ನಿನ ಬಾಫ್ಟಾ ಗೇಮ್ಸ್ ಪ್ರಶಸ್ತಿ ಬಂತು, ಪಾತ್ರಧಾರಿ ಎಂಬ ವಿಭಾಗದಲ್ಲಿ. ಅಲ್ಲಿ ಅದನ್ನು ನಟನೆ ಅಂತಲೇ ಎಣಿಸಿದರು.

ನಮ್ಮ ಕರಾವಳಿಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ತಾಳಮದ್ದಳೆಯಲ್ಲಿ ಅರ್ಥಧಾರಿ ಪಂಚೆ ಶಲ್ಯದಲ್ಲಿ ಕೂತಲ್ಲೇ ಕೂತಿರುತ್ತಾರೆ. ಕಿರೀಟ ಇಲ್ಲ, ಗೆಜ್ಜೆ ಇಲ್ಲ, ಕುಣಿತ ಇಲ್ಲ. ಮಾತು ಶುರುವಾದರೆ ಎದುರಿಗೆ ಕೌರವನೇ ಕೂತಿರುತ್ತಾನೆ. ವೇಷ ಇಲ್ಲ, ಹಾಗಾಗಿ ಇದು ಯಕ್ಷಗಾನಕ್ಕಿಂತ ಕಡಿಮೆ ಅಂತ ಅಲ್ಲಿ ಯಾರೂ ಹೇಳುವುದಿಲ್ಲ. ಹ್ಯಾಮಿಲ್‌ಗೆ ದನಿಯ ಕೆಲಸದಲ್ಲಿ ಸಿಕ್ಕ ಸುಖವೂ ಇದೇ. ಚಂದದ ಹುಡುಗನ ಮುಖ ಇದ್ದವರಿಗೆ ತೆರೆಯ ಮೇಲೆ ಯಾರೂ ಕೊಡದ ಮುದುಕ, ಹುಚ್ಚ, ರಾಕ್ಷಸ, ಕರಡಿ ಎಲ್ಲ ಮೈಕ್ ಮುಂದೆ ಸಿಕ್ಕವು.

## ಇನ್ನೂ ಮುಂದಕ್ಕೆ

ವಾಪಸ್ ತೆರೆಗೆ ಬಂದಾಗ ದನಿಯ ಅನುಭವ ಕಾಣಿಸಿತಾ?

ಮೊದಲು ಕಂಡದ್ದು ಮೌನ. 2015ರ ಸ್ಟಾರ್ ವಾರ್ಸ್‌ನಲ್ಲಿ ಲ್ಯೂಕ್ ಕೊನೆಯ ದೃಶ್ಯದಲ್ಲಿ ಬರುತ್ತಾನೆ, ಒಂದು ಮಾತೂ ಆಡುವುದಿಲ್ಲ. ದನಿಯಿಂದ ಬದುಕಿದ ಮನುಷ್ಯನಿಗೆ ಸಿಕ್ಕಿದ್ದು ಕ್ಯಾಮೆರಾ ಕಡೆ ತಿರುಗುವ ಮುಖ ಮಾತ್ರ. ಅಷ್ಟರಲ್ಲೇ ಎಲ್ಲ ಇತ್ತು.

2017ರ ಮುಂದಿನ ಭಾಗದಲ್ಲಿ ಮಾತ್ರ ದನಿ ಬೇರೆಯೇ ಆಗಿದೆ. ಹಳೆಯ ಲ್ಯೂಕ್‌ನ ಮಾತು ಗಂಟಲ ಮೇಲ್ಭಾಗದಲ್ಲಿ, ಅವಸರದಲ್ಲಿ ಇತ್ತು. ಈ ಲ್ಯೂಕ್ ಎದೆಯಿಂದ, ಇಷ್ಟವಿಲ್ಲದೆ ಮಾತಾಡುತ್ತಾನೆ. 2023ರ ‘ದಿ ಫಾಲ್ ಆಫ್ ದಿ ಹೌಸ್ ಆಫ್ ಅಶರ್’ ಸರಣಿಯಲ್ಲಿ ಅವರು ಆರ್ಥರ್ ಪಿಮ್ ಎಂಬ ವಕೀಲ. ಜಲ್ಲಿಕಲ್ಲಿನ ಮೇಲೆ ಚಕ್ಕಡಿ ಉರುಳಿದ ಹಾಗಿನ ದನಿ, ಮುಖದಲ್ಲಿ ಚಲನೆಯೇ ಇಲ್ಲ. ಮೂವತ್ತು ವರ್ಷ ಮೈಕ್ ಮುಂದೆ ನಿಂತದ್ದು ಆ ಪಾತ್ರದಲ್ಲಿ ಪೂರ್ತಿ ಕಾಣುತ್ತದೆ.

ಸ್ಟಾರ್ ವಾರ್ಸ್‌ನ ಸರಣಿ ‘ದಿ ಮ್ಯಾಂಡಲೋರಿಯನ್’ನಲ್ಲಿ ಬಂದ ಎಳೆಯ ಲ್ಯೂಕ್ ದನಿ ಅವರದ್ದೇನಾ, ಎಐನಾ?

ಎರಡೂ. 2020ರ ಕೊನೆಯಲ್ಲಿ ಬಂದ ಆ ಕಂತಿನ ದನಿಯನ್ನು ರೆಸ್ಪೀಚರ್ ಎಂಬ ಯುಕ್ರೇನಿನ ಕಂಪನಿಯ ತಂತ್ರಾಂಶದಿಂದ ಮಾಡಿದ್ದು. ಅದಕ್ಕೆ ಕಲಿಸಲು ಹ್ಯಾಮಿಲ್ ಅವರ ಹಳೆಯ ರೆಕಾರ್ಡಿಂಗ್‌ಗಳನ್ನೇ ಉಣಿಸಿದರು. ಅದರಲ್ಲಿ ನಾನು ನೆನಪಿಟ್ಟುಕೊಳ್ಳಿ ಅಂದ ರೇಡಿಯೋ ನಾಟಕವೂ ಸೇರಿತ್ತು.

ನನಗೆ ಅದು ಪೂರ್ತಿ ಒಪ್ಪಿಗೆಯಾಗಲಿಲ್ಲ. ಬಣ್ಣ ಸರಿ, ಎತ್ತರ ಸರಿ, ಆದರೆ ಮಾತಿಗೆ ಮೊದಲು ಬರುವ ಆ ಸಣ್ಣ ಉಸಿರು ಇಲ್ಲ. ಆದರೂ ಇದನ್ನು ಕೆಟ್ಟದ್ದು ಅಂತ ತಳ್ಳಿಹಾಕಲು ನನ್ನಿಂದ ಆಗುವುದಿಲ್ಲ, ಯಾಕೆಂದರೆ ನಮ್ಮ ಮನೆಯದೇ ಒಂದು ಕಥೆ ಇದೆ. ಪುನೀತ್ ರಾಜ್‌ಕುಮಾರ್ ತೀರಿಕೊಂಡಾಗ ‘ಜೇಮ್ಸ್’ ಸಿನಿಮಾದ ಡಬ್ಬಿಂಗ್ ಆಗಿರಲಿಲ್ಲ. 2022ರ ಮಾರ್ಚ್‌ನಲ್ಲಿ ಅಣ್ಣ ಶಿವರಾಜ್‌ಕುಮಾರ್ ದನಿಯಲ್ಲಿ ಅದು ಬಿಡುಗಡೆಯಾಯಿತು. ಮುಂದಿನ ತಿಂಗಳು ತಂತ್ರಜ್ಞಾನದ ನೆರವಿನಿಂದ ಅಪ್ಪು ಅವರ ದನಿಯನ್ನೇ ಕೂರಿಸಿ ಮತ್ತೆ ತೆರೆಗೆ ತಂದರು. ಎರಡೂ ನೋಡಿದ್ದೇನೆ. ತಮ್ಮನ ತುಟಿಗೆ ಅಣ್ಣ ಮಾತು ಕೂರಿಸುವಾಗ ಆ ಕೋಣೆಯಲ್ಲಿ ಹೇಗಿದ್ದಿರಬಹುದು ಎಂದು ನೆನೆದರೆ ಇವತ್ತಿಗೂ ಗಂಟಲು ಕಟ್ಟುತ್ತದೆ. ನನ್ನ ಮನಸ್ಸಿನಲ್ಲಿ ಉಳಿದದ್ದು ಅಣ್ಣನ ದನಿಯ ಆವೃತ್ತಿ.

ಕೇಳಬೇಕಾದ ಪ್ರಶ್ನೆಗಳು ಸರಳ: ದನಿಯ ಒಡೆಯರು ಒಪ್ಪಿದ್ದಾರಾ, ದುಡ್ಡು ಅವರಿಗೆ ಅಥವಾ ಮನೆಯವರಿಗೆ ಹೋಗುತ್ತಾ, ಯಾವ ಕೆಲಸಕ್ಕೆ ಅಂತ ಬರವಣಿಗೆಯಲ್ಲಿ ಇದೆಯಾ. ಅಮೆರಿಕದ ಗೇಮ್ ನಟರು 2024ರ ಜುಲೈನಲ್ಲಿ ಮತ್ತೆ ಮುಷ್ಕರ ಹೂಡಿ 2025ರವರೆಗೆ ಹಿಡಿದು ನಿಂತದ್ದು ಮುಖ್ಯವಾಗಿ ಇದಕ್ಕೇ. ಕನ್ನಡದಲ್ಲಿ ದನಿ ಕೊಡುವವರು ಒಪ್ಪಂದಕ್ಕೆ ಸಹಿ ಹಾಕುವ ಮುಂಚೆ ‘ಎಲ್ಲ ಮಾಧ್ಯಮಗಳಲ್ಲಿ, ಶಾಶ್ವತವಾಗಿ’ ಎಂಬ ಸಾಲು ಇದೆಯಾ ನೋಡಿ. ಇದ್ದರೆ ಹೊಡೆದುಹಾಕಲು ಕೇಳಿ.

ಯುಕ್ರೇನಿನ ಯುದ್ಧಕ್ಕೂ ಅವರ ದನಿಗೂ ಏನೋ ಸಂಬಂಧ ಇದೆಯಂತಲ್ಲ?

ಇದೆ. ಯುಕ್ರೇನಿನಲ್ಲಿ ‘ಏರ್ ಅಲರ್ಟ್’ ಎಂಬ ಆ್ಯಪ್ ಇದೆ. ಕ್ಷಿಪಣಿಯೋ ಡ್ರೋನೋ ಬರುತ್ತಿದ್ದರೆ ಫೋನ್ ಕೂಗಿಕೊಳ್ಳುತ್ತದೆ. ಅದರ ಇಂಗ್ಲಿಷ್ ದನಿ 2023ರಿಂದ ಹ್ಯಾಮಿಲ್ ಅವರದು. ಅದಕ್ಕೂ ಮುಂಚೆ 2022ರಲ್ಲೇ ಆ ದೇಶಕ್ಕೆ ಡ್ರೋನ್ ಕೊಳ್ಳಲು ಹಣ ಕೂಡಿಸುವ ಕೆಲಸಕ್ಕೆ ಕೈಜೋಡಿಸಿದ್ದರು.

ಆ ರೆಕಾರ್ಡಿಂಗನ್ನು ನಾನು ಹತ್ತಾರು ಸಲ ಕೇಳಿದ್ದೇನೆ. ಅದರಲ್ಲಿ ಜೋಕರ್ ಇಲ್ಲ, ಓಝಾಯ್ ಇಲ್ಲ. ಎಚ್ಚರಿಕೆಯ ಮಾತು ಗಟ್ಟಿಯಾಗಿದೆ, ಆದರೆ ಗಾಬರಿ ಹುಟ್ಟಿಸುವುದಿಲ್ಲ. ಹತ್ತಿರದ ಆಶ್ರಯಕ್ಕೆ ಹೋಗಿ, ಉದಾಸೀನ ಮಾಡಬೇಡಿ ಅನ್ನುತ್ತಾರೆ. ಅಪಾಯ ಕಳೆದ ಮೇಲೆ ಅದೇ ದನಿ ಇನ್ನು ಹೊರಗೆ ಬರಬಹುದು ಅಂತ ಹೇಳಿ, ಸ್ಟಾರ್ ವಾರ್ಸ್‌ನ ‘ಮೇ ದಿ ಫೋರ್ಸ್ ಬಿ ವಿತ್ ಯು’ ಎಂಬ ಆ ಹೆಸರಾಂತ ಹಾರೈಕೆಯೊಂದಿಗೆ ಮುಗಿಸುತ್ತದೆ. ಆ ಹಾರೈಕೆಯನ್ನು ಅವರು ಒಂಚೂರೂ ನಾಟಕ ಮಾಡದೆ, ಪಕ್ಕದ ಮನೆಯವರು ಬಾಗಿಲಲ್ಲಿ ನಿಂತು ಹೇಳುವ ಹಾಗೆ ಹೇಳಿದ್ದಾರೆ.